ಟಿಎಸ್‌ಬಿ ಬ್ಯಾಂಕಿನ ತಾಂತ್ರಿಕ ವೈಫಲ್ಯ ಮತ್ತು ನಿಯಂತ್ರಣ ಕ್ರಮಗಳು

2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ತನ್ನ 52 ಲಕ್ಷ ಗ್ರಾಹಕರ ಖಾತೆಗಳನ್ನು ಹಳೆಯ ಕಂಪ್ಯೂಟರ್ ವ್ಯವಸ್ಥೆಯಿಂದ ಹೊಸ ವ್ಯವಸ್ಥೆಗೆ ಸಾಗಿಸಿತು. ಖಾತೆಗಳ ವಿವರಗಳು ಹೊಸ ಜಾಗಕ್ಕೆ ಸುರಕ್ಷಿತವಾಗಿ ಸೇರಿದರೂ ಅವುಗಳ ಮೇಲೆ ವ್ಯವಹಾರ ನಡೆಸಬೇಕಾದ ವ್ಯವಸ್ಥೆ ಕುಸಿಯಿತು. ಲಕ್ಷಾಂತರ ಜನರಿಗೆ ತಮ್ಮದೇ ಹಣ ಕೈಗೆ ಸಿಗದಾಯಿತು. ಎಲ್ಲವೂ ಸಹಜ ಸ್ಥಿತಿಗೆ ಬರುವಷ್ಟರಲ್ಲಿ ಆ ವರ್ಷದ ಡಿಸೆಂಬರ್ ಬಂದಿತ್ತು. ಸಂಸದೀಯ ಸಮಿತಿಯ ಬಹಿರಂಗ ವಿಚಾರಣೆ, ಮುಖ್ಯ ಕಾರ್ಯನಿರ್ವಾಹಕರ ನಿರ್ಗಮನ, ಗ್ರಾಹಕರಿಗೆ 3.27 ಕೋಟಿ ಪೌಂಡ್ ಪರಿಹಾರ, ಎರಡು ನಿಯಂತ್ರಕ ಸಂಸ್ಥೆಗಳಿಂದ 4.865 ಕೋಟಿ ಪೌಂಡ್ ದಂಡ, ಒಬ್ಬ ಅಧಿಕಾರಿಗೆ ವೈಯಕ್ತಿಕ ದಂಡ ಇವು ಪ್ರಕರಣದ ಪರಿಣಾಮಗಳು. ಬ್ಯಾಂಕಿನ ಕಂಪ್ಯೂಟರ್ ಕೆಟ್ಟಾಗ ಸರ್ಕಾರ ಮತ್ತು ನಿಯಂತ್ರಕರು ಏನು ಮಾಡಬಲ್ಲರು, ಅವರ ಅಧಿಕಾರದ ಮಿತಿ ಎಲ್ಲಿದೆ ಎಂಬುದನ್ನು ಅರಿಯಲು ಈ ಪ್ರಕರಣ ಇಂದಿಗೂ ಮುಖ್ಯ ಆಧಾರ.

ವೈಫಲ್ಯದ ಸ್ವರೂಪ

ಹಿಂದೆ ಬ್ಯಾಂಕಿನ ಲೆಕ್ಕ ಶಾಖೆಯ ಲೆಡ್ಜರಿನಲ್ಲಿ ಇರುತ್ತಿತ್ತು. ಒಂದು ಶಾಖೆಯಲ್ಲಿ ತೊಂದರೆಯಾದರೆ ಅದು ಆ ಊರಿಗೆ ಸೀಮಿತವಾಗಿರುತ್ತಿತ್ತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಎಲ್ಲ ಶಾಖೆಗಳ ಲೆಕ್ಕವೂ ಒಂದೆರಡು ದತ್ತಾಂಶ ಕೇಂದ್ರಗಳಿಗೆ ಸೇರಿತು. ಎಟಿಎಂ, ಮೊಬೈಲ್ ಆ್ಯಪ್, ಶಾಖೆಯ ಕೌಂಟರ್, ಕಾರ್ಡ್ ಯಂತ್ರ ಎಲ್ಲವೂ ಅದೇ ಕೇಂದ್ರವನ್ನು ಅವಲಂಬಿಸುತ್ತವೆ. ಆದ್ದರಿಂದ ಕೇಂದ್ರದಲ್ಲಿ ಒಂದು ತಪ್ಪಾದರೆ ಇಡೀ ದೇಶದ ಗ್ರಾಹಕರು ಒಂದೇ ಕ್ಷಣದಲ್ಲಿ ‘ಸರ್ವರ್ ಡೌನ್’ ಎಂಬ ಉತ್ತರ ಕೇಳಬೇಕಾಗುತ್ತದೆ.

ಇಂಥ ವೈಫಲ್ಯಗಳ ಮೂಲಗಳು ಹಲವು. ತಂತ್ರಾಂಶವನ್ನು ನವೀಕರಿಸುವಾಗ ಆಗುವ ಎಡವಟ್ಟು, ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ವರ್ಗಾವಣೆ, ದತ್ತಾಂಶ ಕೇಂದ್ರದ ವಿದ್ಯುತ್ ಅಥವಾ ಶೈತ್ಯೀಕರಣ ಕೈಕೊಡುವುದು, ನಿರೀಕ್ಷೆ ಮೀರಿದ ವಹಿವಾಟಿನ ಒತ್ತಡ, ಹೊರಗುತ್ತಿಗೆ ಪಡೆದ ಕಂಪನಿಯ ಲೋಪ, ಸೈಬರ್ ದಾಳಿ ಇವು ಮುಖ್ಯವಾದವು. ಹಣ ನಷ್ಟವಾಗದಿದ್ದರೂ ಹಣ ಕೈಗೆ ಸಿಗದಿರುವುದೇ ಗ್ರಾಹಕನಿಗೆ ದೊಡ್ಡ ಹಾನಿ. ಸಂಬಳ ಜಮೆಯಾಗುವುದಿಲ್ಲ, ಬಾಡಿಗೆ ಮತ್ತು ಸಾಲದ ಕಂತು ತಪ್ಪುತ್ತವೆ, ಮನೆ ಖರೀದಿಯ ವ್ಯವಹಾರ ಕೊನೆಯ ದಿನ ನಿಂತುಹೋಗುತ್ತದೆ. ಠೇವಣಿ ವಿಮೆಯಂತಹ ಹಳೆಯ ರಕ್ಷಣೆಗಳು ಬ್ಯಾಂಕು ದಿವಾಳಿಯಾದಾಗ ನೆರವಿಗೆ ಬರುತ್ತವೆ. ಬ್ಯಾಂಕಿನಲ್ಲಿ ಹಣವಿದ್ದೂ ಬಾಗಿಲು ತೆರೆಯದ ಸ್ಥಿತಿಗೆ ಅವು ಅನ್ವಯಿಸುವುದಿಲ್ಲ. ಈ ಕೊರತೆಯನ್ನು ತುಂಬಲು ಬೇರೆಯೇ ಬಗೆಯ ನಿಯಂತ್ರಣ ಬೇಕಾಯಿತು.

ಪೂರ್ವ ನಿದರ್ಶನ: ಆರ್‌ಬಿಎಸ್, 2012

ಬ್ರಿಟನ್ನಿನಲ್ಲಿ ಈ ಅಗತ್ಯವನ್ನು ಮೊದಲು ಎತ್ತಿ ತೋರಿಸಿದ್ದು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದ ವೈಫಲ್ಯ. ದಿನದ ವಹಿವಾಟುಗಳನ್ನೆಲ್ಲ ರಾತ್ರಿ ಒಟ್ಟುಗೂಡಿಸಿ ಖಾತೆಗಳಿಗೆ ಏರಿಸುವ ಕೆಲಸವನ್ನು ಸರದಿಯಂತೆ ನಡೆಸುವ ತಂತ್ರಾಂಶವನ್ನು 2012ರ ಜೂನ್ 17ರಂದು ನವೀಕರಿಸಲಾಯಿತು. ಅದರಲ್ಲಿ ದೋಷ ಕಂಡಾಗ ಸಿಬ್ಬಂದಿ ಹಿಂದಿನ ಆವೃತ್ತಿಗೆ ಮರಳಿದರು. ಹೊಸ ಮತ್ತು ಹಳೆಯ ಆವೃತ್ತಿಗಳಿಗೆ ಹೊಂದಾಣಿಕೆ ಇದೆಯೇ ಎಂದು ಮೊದಲೇ ಪರೀಕ್ಷಿಸಿರಲಿಲ್ಲ. ಬ್ಯಾಂಕಿನವರು ‘ಡೇ ಎಂಡ್’ ಎನ್ನುವ ದಿನದ ಮುಕ್ತಾಯದ ಕೆಲಸ ಮುಗಿಯಲೇ ಇಲ್ಲ. ಬಾಕಿ ದಿನದಿಂದ ದಿನಕ್ಕೆ ಬೆಳೆಯಿತು. ಆರ್‌ಬಿಎಸ್, ನ್ಯಾಟ್‌ವೆಸ್ಟ್ ಮತ್ತು ಅಲ್‌ಸ್ಟರ್ ಬ್ಯಾಂಕುಗಳ 65 ಲಕ್ಷಕ್ಕೂ ಹೆಚ್ಚು ಗ್ರಾಹಕರು ಬ್ರಿಟನ್ನಿನಲ್ಲೇ ತೊಂದರೆಗೊಳಗಾದರು. ಐರ್ಲೆಂಡಿನ ಅಲ್‌ಸ್ಟರ್ ಬ್ಯಾಂಕಿನಲ್ಲಿ ಸುಮಾರು 6 ಲಕ್ಷ ಗ್ರಾಹಕರ ಪರದಾಟ ನಾಲ್ಕು ವಾರಗಳಷ್ಟು ಎಳೆಯಿತು.

ಆಗ ಆರ್‌ಬಿಎಸ್‌ನ ಬಹುಪಾಲು ಷೇರುಗಳು ಸರ್ಕಾರದ ಕೈಯಲ್ಲಿದ್ದವು. 2008ರ ಬಿಕ್ಕಟ್ಟಿನಲ್ಲಿ ತೆರಿಗೆದಾರರ ಹಣದಿಂದ ಉಳಿದ ಬ್ಯಾಂಕು ತೆರಿಗೆದಾರರಿಗೇ ಸೇವೆ ಕೊಡಲಾಗದ ಸ್ಥಿತಿ ತಲುಪಿದ್ದರಿಂದ ಪ್ರಶ್ನೆ ರಾಜಕೀಯವೂ ಆಯಿತು. ಬ್ಯಾಂಕಿನ ಮುಖ್ಯಸ್ಥ ಸ್ಟೀಫನ್ ಹೆಸ್ಟರ್ ಆ ವರ್ಷದ ಬೋನಸ್ ಬಿಟ್ಟುಕೊಟ್ಟರು. 2014ರ ನವೆಂಬರ್ 20ರಂದು ಹಣಕಾಸು ನಡವಳಿಕೆ ಪ್ರಾಧಿಕಾರ, ಅಂದರೆ ಎಫ್‌ಸಿಎ, 4.2 ಕೋಟಿ ಪೌಂಡ್ ದಂಡ ವಿಧಿಸಿತು. ಬ್ಯಾಂಕ್ ಆಫ್ ಇಂಗ್ಲೆಂಡಿನ ಅಂಗವಾದ ವಿವೇಕಯುತ ನಿಯಂತ್ರಣ ಪ್ರಾಧಿಕಾರ, ಅಂದರೆ ಪಿಆರ್‌ಎ, 1.4 ಕೋಟಿ ಪೌಂಡ್ ಸೇರಿಸಿತು. ಈ ಎರಡು ಸಂಸ್ಥೆಗಳು ಕೂಡಿ ಕೈಗೊಂಡ ಮೊದಲ ದಂಡನಾ ಕ್ರಮ ಇದು. ಐರ್ಲೆಂಡಿನ ಕೇಂದ್ರ ಬ್ಯಾಂಕು ಅಲ್‌ಸ್ಟರ್ ಬ್ಯಾಂಕಿಗೆ 35 ಲಕ್ಷ ಯೂರೋ ದಂಡ ಹಾಕಿತು. ಬ್ರಿಟನ್ನಿನ ಗ್ರಾಹಕರಿಗೆ ಸಮೂಹ ಕೊಟ್ಟ ಪರಿಹಾರ 7.03 ಕೋಟಿ ಪೌಂಡ್. ಮುಂದೆ ಟಿಎಸ್‌ಬಿ ಪ್ರಕರಣದಲ್ಲಿ ಅನುಸರಿಸಿದ ವಿಧಾನದ ಚೌಕಟ್ಟು ಇಲ್ಲಿಯೇ ರೂಪುಗೊಂಡಿತು.

ಟಿಎಸ್‌ಬಿ: ಬೇರ್ಪಟ್ಟ ಬ್ಯಾಂಕು, ಬಾಡಿಗೆಯ ವ್ಯವಸ್ಥೆ

ಟಿಎಸ್‌ಬಿಯ ಬೇರು 1810ರಲ್ಲಿ ಸ್ಕಾಟ್ಲೆಂಡಿನ ರುತ್‌ವೆಲ್ ಎಂಬ ಹಳ್ಳಿಯಲ್ಲಿ ಪಾದ್ರಿ ಹೆನ್ರಿ ಡಂಕನ್ ಬಡವರಿಗಾಗಿ ಆರಂಭಿಸಿದ ಉಳಿತಾಯ ಬ್ಯಾಂಕಿನಲ್ಲಿದೆ. 1995ರಲ್ಲಿ ಅದು ಲಾಯ್ಡ್ಸ್ ಬ್ಯಾಂಕಿನೊಂದಿಗೆ ವಿಲೀನವಾಯಿತು. 2008ರಲ್ಲಿ ಲಾಯ್ಡ್ಸ್ ಸಮೂಹಕ್ಕೆ ಬ್ರಿಟಿಷ್ ಸರ್ಕಾರ ನೆರವು ಕೊಟ್ಟಾಗ, ಸ್ಪರ್ಧೆಗೆ ಧಕ್ಕೆ ಬಾರದಿರಲು 600ಕ್ಕೂ ಹೆಚ್ಚು ಶಾಖೆಗಳನ್ನು ಬೇರ್ಪಡಿಸಬೇಕೆಂದು ಯುರೋಪಿಯನ್ ಆಯೋಗ ಷರತ್ತು ಹಾಕಿತು. ಆ ಶಾಖೆಗಳಿಂದ 2013ರ ಸೆಪ್ಟೆಂಬರ್‌ನಲ್ಲಿ ಟಿಎಸ್‌ಬಿ ಮತ್ತೆ ಸ್ವತಂತ್ರ ಹೆಸರಾಗಿ ಹುಟ್ಟಿತು. 2015ರಲ್ಲಿ ಸ್ಪೇನಿನ ಸಬಾದೆಲ್ ಬ್ಯಾಂಕು ಅದನ್ನು ಸುಮಾರು 170 ಕೋಟಿ ಪೌಂಡಿಗೆ ಕೊಂಡಿತು.

ಬ್ಯಾಂಕು ಬೇರೆಯಾದರೂ ಅದರ ಕಂಪ್ಯೂಟರ್ ವ್ಯವಸ್ಥೆ ಲಾಯ್ಡ್ಸ್‌ನದೇ ಆಗಿತ್ತು. ಪ್ರತಿಸ್ಪರ್ಧಿಗೆ ವರ್ಷವರ್ಷವೂ ದೊಡ್ಡ ಮೊತ್ತದ ಶುಲ್ಕ ಕೊಟ್ಟು ಅದನ್ನು ಬಳಸಬೇಕಿತ್ತು. ಸಬಾದೆಲ್ ತನ್ನ ‘ಪ್ರೊಟಿಯೊ’ ವ್ಯವಸ್ಥೆಯನ್ನು ಬ್ರಿಟನ್ನಿಗೆ ತಕ್ಕಂತೆ ರೂಪಿಸಿ ಟಿಎಸ್‌ಬಿಯನ್ನು ಅಲ್ಲಿಗೆ ಒಯ್ಯಲು ನಿರ್ಧರಿಸಿತು. ಹೊಸ ವ್ಯವಸ್ಥೆಗೆ ‘ಪ್ರೊಟಿಯೊ4ಯುಕೆ’ ಎಂದು ಹೆಸರು. ಅದನ್ನು ಕಟ್ಟಿ ನಡೆಸುವ ಹೊಣೆ ಸಬಾದೆಲ್‌ನ ತಂತ್ರಜ್ಞಾನ ಅಂಗಸಂಸ್ಥೆ ಸಾಬಿಸ್‌ಗೆ ಸಿಕ್ಕಿತು. ಸಾಬಿಸ್ ತಾನೂ ಸುಮಾರು 85 ಇತರ ಕಂಪನಿಗಳ ಸೇವೆಯನ್ನು ನೆಚ್ಚಿಕೊಂಡಿತ್ತು. ಹೀಗೆ ಟಿಎಸ್‌ಬಿಗೂ ಅದರ ಗ್ರಾಹಕರ ಖಾತೆಗಳನ್ನು ನಿಜವಾಗಿ ನಿರ್ವಹಿಸುವವರಿಗೂ ನಡುವೆ ಗುತ್ತಿಗೆಗಳ ಎರಡು ಮೂರು ಮೆಟ್ಟಿಲುಗಳು ಬೆಳೆದವು. ವರ್ಗಾವಣೆ 2017ರ ನವೆಂಬರ್‌ನಲ್ಲಿ ನಡೆಯಬೇಕಿತ್ತು. ಸಿದ್ಧತೆ ಮುಗಿಯದ ಕಾರಣ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅದನ್ನು 2018ರ ಮೊದಲ ತ್ರೈಮಾಸಿಕಕ್ಕೆ ಮುಂದೂಡಲಾಯಿತು.

2018ರ ಏಪ್ರಿಲ್ 20ರಿಂದ 22

ಏಪ್ರಿಲ್ 20ರ ಶುಕ್ರವಾರ ಸಂಜೆ ಸೇವೆಗಳನ್ನು ನಿಲ್ಲಿಸಿ ವರ್ಗಾವಣೆ ಆರಂಭಿಸಲಾಯಿತು. ಬಹುಪಾಲು ಗ್ರಾಹಕರನ್ನು ಒಂದೇ ವಾರಾಂತ್ಯದಲ್ಲಿ ಸಾಗಿಸುವುದು ಯೋಜನೆ. 22ರ ಭಾನುವಾರ ಸಂಜೆ ಸೇವೆ ಮತ್ತೆ ತೆರೆದ ಸ್ವಲ್ಪ ಹೊತ್ತಿನಲ್ಲೇ ದೂರುಗಳು ಶುರುವಾದವು. ಕೆಲವರಿಗೆ ಬೇರೆಯವರ ಖಾತೆಯ ವಿವರ ಕಂಡಿತು. ಸುಮಾರು 19 ಲಕ್ಷ ಜನ ಆನ್‌ಲೈನ್ ಮತ್ತು ಮೊಬೈಲ್ ಬ್ಯಾಂಕಿಂಗ್‌ನಿಂದ ಹೊರಗುಳಿದರು. ಎಲ್ಲ ಶಾಖೆಗಳೂ ತೊಂದರೆಗೆ ಸಿಲುಕಿದವು. ಆನ್‌ಲೈನ್ ಸೇವೆ ಇಲ್ಲದವರು ದೂರವಾಣಿಗೆ ಮುಗಿಬಿದ್ದಾಗ ಆ ಮಾರ್ಗವೂ ಕಟ್ಟಿಹೋಯಿತು. ದೋಷ ಹುಡುಕಲು ಬ್ಯಾಂಕು ಐಬಿಎಂ ಕಂಪನಿಯ ತಜ್ಞರನ್ನು ಕರೆಸಿಕೊಂಡಿತು.

ಇದರ ಹಿಂದೆಯೇ ವಂಚಕರು ಬಂದರು. ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸಿ, ಕರೆ ಮಾಡಿ ಗುಪ್ತಸಂಖ್ಯೆ ಪಡೆಯುವ ಪ್ರಯತ್ನಗಳು ಹೆಚ್ಚಿದವು. ಸುಮಾರು 1,300 ಗ್ರಾಹಕರು ಹಣ ಕಳೆದುಕೊಂಡರೆಂದು ಬ್ಯಾಂಕು ಸಂಸದೀಯ ಸಮಿತಿಗೆ ತಿಳಿಸಿತು. ಗ್ರಾಹಕ ಬ್ಯಾಂಕನ್ನು ಸಂಪರ್ಕಿಸಲಾಗದ ಹೊತ್ತು ವಂಚನೆಗೆ ಅತ್ಯಂತ ಅನುಕೂಲದ ಹೊತ್ತು. ತಾಂತ್ರಿಕ ವೈಫಲ್ಯ ನಡೆದಾಗಲೆಲ್ಲ ವಂಚನೆಯ ಮೇಲೆ ವಿಶೇಷ ನಿಗಾ ಇಡಬೇಕೆಂಬ ಅರಿವನ್ನು ಈ ಪ್ರಕರಣ ಗಟ್ಟಿಗೊಳಿಸಿತು.

ಸಂಸತ್ತಿನ ವಿಚಾರಣೆ

ಹೌಸ್ ಆಫ್ ಕಾಮನ್ಸ್‌ನ ಖಜಾನೆ ಸಮಿತಿ ಬೇಗನೆ ಎಚ್ಚೆತ್ತಿತು. ನಿಕಿ ಮಾರ್ಗನ್ ಅದರ ಅಧ್ಯಕ್ಷೆಯಾಗಿದ್ದರು. ಮೇ 2ರಂದು, ಎಂದರೆ ವೈಫಲ್ಯ ನಡೆದು ಎರಡು ವಾರ ತುಂಬುವ ಮೊದಲೇ, ಟಿಎಸ್‌ಬಿಯ ಮುಖ್ಯ ಕಾರ್ಯನಿರ್ವಾಹಕ ಪಾಲ್ ಪೆಸ್ಟರ್, ಅಧ್ಯಕ್ಷ ರಿಚರ್ಡ್ ಮೆಡ್ಡಿಂಗ್ಸ್ ಮತ್ತು ಸಬಾದೆಲ್‌ನ ಮಿಕೆಲ್ ಮೊಂಟೆಸ್ ಸಮಿತಿಯ ಮುಂದೆ ಉತ್ತರ ಕೊಡಬೇಕಾಯಿತು. ಜೂನ್ 6ರಂದು ಮತ್ತೆ ವಿಚಾರಣೆ ನಡೆಯಿತು. ಎಫ್‌ಸಿಎ ಮುಖ್ಯಸ್ಥ ಆಂಡ್ರ್ಯೂ ಬೇಯ್ಲಿ ಕೂಡ ಅಂದು ಹಾಜರಾಗಿ, ಬ್ಯಾಂಕು ಗ್ರಾಹಕರಿಗೆ ಕೊಟ್ಟ ಮಾಹಿತಿ ವಾಸ್ತವಕ್ಕಿಂತ ಹೆಚ್ಚು ಆಶಾದಾಯಕವಾಗಿತ್ತೆಂದು ಟೀಕಿಸಿದರು. ಪೆಸ್ಟರ್ ಮೇಲೆ ತನಗೆ ವಿಶ್ವಾಸ ಉಳಿದಿಲ್ಲವೆಂದು ಸಮಿತಿ ಹೇಳಿತು. ಸೆಪ್ಟೆಂಬರ್ 4ರಂದು ಅವರು ಹುದ್ದೆ ಬಿಡುವುದು ಪ್ರಕಟವಾಯಿತು.

ಸಂಸದೀಯ ಸಮಿತಿಗೆ ದಂಡ ಹಾಕುವ ಅಧಿಕಾರವಿಲ್ಲ, ಖಾಸಗಿ ಬ್ಯಾಂಕಿನ ಅಧಿಕಾರಿಯನ್ನು ತೆಗೆಯುವ ಅಧಿಕಾರವೂ ಇಲ್ಲ. ಪ್ರಶ್ನೆಗಳನ್ನು ಬಹಿರಂಗವಾಗಿ ಕೇಳಿ, ಪತ್ರಗಳನ್ನೂ ಉತ್ತರಗಳನ್ನೂ ಪ್ರಕಟಿಸುವುದೇ ಅದರ ಬಲ. ನಿಯಂತ್ರಕರ ತನಿಖೆ ಮುಚ್ಚಿದ ಬಾಗಿಲ ಹಿಂದೆ ವರ್ಷಗಟ್ಟಲೆ ನಡೆಯುತ್ತದೆ. ಸಮಿತಿಯ ವಿಚಾರಣೆ ಆ ಅವಧಿಯಲ್ಲಿ ಗ್ರಾಹಕರಿಗೆ ಮಾಹಿತಿಯ ಮೂಲವಾಯಿತು. ವಂಚನೆಗೊಳಗಾದವರ ಸಂಖ್ಯೆ, ದೂರುಗಳ ಪ್ರಮಾಣ, ದೂರವಾಣಿಯಲ್ಲಿ ಕಾಯುವ ಅವಧಿ ಮೊದಲಾದ ವಿವರಗಳು ಸಾರ್ವಜನಿಕರಿಗೆ ಸಿಕ್ಕಿದ್ದು ಹೆಚ್ಚಾಗಿ ಈ ದಾರಿಯಿಂದ.

ಸಮಿತಿ ಮುಂದೆ ಇಡೀ ಹಣಕಾಸು ವಲಯದ ತಾಂತ್ರಿಕ ವೈಫಲ್ಯಗಳತ್ತ ತಿರುಗಿತು. 2019ರ ಅಕ್ಟೋಬರ್ 28ರಂದು ಪ್ರಕಟವಾದ ಅದರ ವರದಿ, ಇಂಥ ಅಡಚಣೆಗಳ ಪ್ರಮಾಣ ಸಹಿಸಲಾಗದ ಮಟ್ಟ ಮುಟ್ಟಿದೆ ಎಂದಿತು. ಹಿರಿಯ ಅಧಿಕಾರಿಗಳನ್ನು ವೈಯಕ್ತಿಕವಾಗಿ ಹೊಣೆ ಮಾಡಬೇಕು, ನಿಯಂತ್ರಕ ಸಂಸ್ಥೆಗಳಿಗೆ ತಂತ್ರಜ್ಞಾನ ಬಲ್ಲ ಸಿಬ್ಬಂದಿ ಬೇಕು, ಅದಕ್ಕಾಗಿ ಅಗತ್ಯ ಬಿದ್ದರೆ ಬ್ಯಾಂಕುಗಳ ಮೇಲಿನ ಶುಲ್ಕ ಏರಿಸಬೇಕು, ಬ್ಯಾಂಕುಗಳು ಆಶ್ರಯಿಸಿದ ಕ್ಲೌಡ್ ಸೇವಾ ಕಂಪನಿಗಳನ್ನು ನಿಯಂತ್ರಣದ ವ್ಯಾಪ್ತಿಗೆ ತರುವುದನ್ನು ಪರಿಗಣಿಸಬೇಕು ಎಂಬುವು ಅದರ ಮುಖ್ಯ ಸಲಹೆಗಳು.

ಕಾರಣಗಳ ಶೋಧ

ಬ್ಯಾಂಕಿನ ನಿರ್ದೇಶಕ ಮಂಡಳಿ ಸ್ಲಾಟರ್ ಅಂಡ್ ಮೇ ಎಂಬ ಕಾನೂನು ಸಂಸ್ಥೆಗೆ ತನಿಖೆ ಒಪ್ಪಿಸಿತು. ಅದರ ವರದಿ 2019ರ ನವೆಂಬರ್‌ನಲ್ಲಿ ಹೊರಬಂತು. ಹೊಸ ವ್ಯವಸ್ಥೆ ಇಡೀ ಗ್ರಾಹಕ ಸಮೂಹದ ಭಾರ ಹೊರಲು ಸಿದ್ಧವಾಗಿರಲಿಲ್ಲ, ಅದನ್ನು ನಡೆಸಲು ಸಾಬಿಸ್ ಕೂಡ ಸಿದ್ಧವಾಗಿರಲಿಲ್ಲ ಎಂಬುದು ವರದಿಯ ಮೂಲ ತೀರ್ಮಾನ. ವರದಿಯ ಕೆಲವು ಅಂಶಗಳನ್ನು ಬ್ಯಾಂಕು ಒಪ್ಪಲಿಲ್ಲ.

ವರದಿ ಮತ್ತು ನಿಯಂತ್ರಕರ ಆದೇಶಗಳು ಮೂರು ಬಗೆಯ ಲೋಪಗಳನ್ನು ಗುರುತಿಸುತ್ತವೆ. ಮೊದಲನೆಯದು ಪರೀಕ್ಷೆಯ ಲೋಪ. ಹೊಸ ವ್ಯವಸ್ಥೆ ಎರಡು ದತ್ತಾಂಶ ಕೇಂದ್ರಗಳಿಂದ ಏಕಕಾಲಕ್ಕೆ ನಡೆಯುವಂತೆ ವಿನ್ಯಾಸಗೊಂಡಿತ್ತು. ಭಾರ ತಡೆಯುವ ಪರೀಕ್ಷೆಯನ್ನು ಮಾತ್ರ ಒಂದೇ ಕೇಂದ್ರದಲ್ಲಿ ಮಾಡಲಾಗಿತ್ತು. ಎರಡು ಕೇಂದ್ರಗಳ ಜೋಡಣೆಯಲ್ಲಿದ್ದ ವ್ಯತ್ಯಾಸ ಗ್ರಾಹಕರು ಒಳಬಂದ ಮೇಲೆಯೇ ಬಯಲಾಯಿತು. ಎರಡನೆಯದು ಯೋಜನೆಯ ಲೋಪ. ಮುಗಿಸುವ ದಿನಾಂಕವನ್ನು ಮೊದಲು ಗೊತ್ತುಮಾಡಿ, ಕೆಲಸಗಳನ್ನು ಅದರೊಳಗೆ ಹೊಂದಿಸಲಾಗಿತ್ತು. ವರ್ಗಾವಣೆಯನ್ನು ಮುಂದೂಡಿದಾಗಲೂ, ಮರುಯೋಜನೆ ಪೂರ್ಣವಾಗುವ ಮುನ್ನವೇ ಹೊಸ ಗಡುವನ್ನು ಹೊರಗೆ ಸಾರಲಾಗಿತ್ತು. ಗ್ರಾಹಕರನ್ನು ತಂಡತಂಡವಾಗಿ ಸಾಗಿಸುವ ಬದಲು ಒಮ್ಮೆಗೇ ಸಾಗಿಸುವ ನಿರ್ಧಾರದ ಅಪಾಯವನ್ನು ಮಂಡಳಿ ಬೇಕಾದಷ್ಟು ಪ್ರಶ್ನಿಸಲಿಲ್ಲ. ಮೂರನೆಯದು ಹೊರಗುತ್ತಿಗೆಯ ಮೇಲಿನ ಉಸ್ತುವಾರಿಯ ಲೋಪ. ಸಾಬಿಸ್ ತನ್ನ ಸಿದ್ಧತೆಯ ಬಗ್ಗೆ ಬರೆದುಕೊಟ್ಟ ಭರವಸೆಯಲ್ಲಿ ಮುಂದೆ ಸಿದ್ಧವಾಗುವ ನಿರೀಕ್ಷೆಯ ಮಾತುಗಳೇ ಹೆಚ್ಚಿದ್ದವು. ಉಪಗುತ್ತಿಗೆದಾರರ ಸಿದ್ಧತೆಯನ್ನು ಟಿಎಸ್‌ಬಿ ಸ್ವತಃ ಸರಿಯಾಗಿ ತಾಳೆ ನೋಡಲಿಲ್ಲ. ಒಂದೇ ಸಮೂಹದ ಸೋದರ ಸಂಸ್ಥೆ ಎಂಬ ವಿಶ್ವಾಸ ತಪಾಸಣೆಯ ಜಾಗವನ್ನು ಆಕ್ರಮಿಸಿತ್ತು.

ಗ್ರಾಹಕರಿಗೆ ಪರಿಹಾರ

ವೈಫಲ್ಯದ ಮೊದಲ ದಿನಗಳಲ್ಲೇ ಬ್ಯಾಂಕು ಏಪ್ರಿಲ್ ತಿಂಗಳ ಓವರ್‌ಡ್ರಾಫ್ಟ್ ಶುಲ್ಕ ಮತ್ತು ಬಡ್ಡಿಯನ್ನು ಮನ್ನಾ ಮಾಡಿತು. ಒಂದು ಬಗೆಯ ಖಾತೆಯ ಬಡ್ಡಿ ದರವನ್ನು ಶೇಕಡ 5ಕ್ಕೆ ಏರಿಸಿತು. 2018ರ ಏಪ್ರಿಲ್ 22ರಿಂದ 2019ರ ಏಪ್ರಿಲ್ 7ರವರೆಗೆ ಬಂದ ದೂರುಗಳು 2,25,492. ಒಟ್ಟು 3.27 ಕೋಟಿ ಪೌಂಡ್ ಪರಿಹಾರ ಸಂದಾಯವಾಯಿತು. ಬ್ಯಾಂಕು ಎಂಟು ವಾರಗಳಲ್ಲಿ ದೂರನ್ನು ಇತ್ಯರ್ಥಗೊಳಿಸದಿದ್ದರೆ, ಅಥವಾ ಅದರ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕ ಹಣಕಾಸು ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಮೊರೆ ಹೋಗಬಹುದು. ಹಣದ ನಷ್ಟದ ಜೊತೆಗೆ ಅನುಭವಿಸಿದ ಕಿರುಕುಳ ಮತ್ತು ಆತಂಕಕ್ಕೂ ಪರಿಹಾರ ಕೊಡಿಸುವ ಅಧಿಕಾರ ಒಂಬುಡ್ಸ್‌ಮನ್‌ಗೆ ಇದೆ. 2019ರ ಏಪ್ರಿಲ್‌ನಲ್ಲಿ ಟಿಎಸ್‌ಬಿ, ವಂಚನೆಗೆ ಬಲಿಯಾದ ತನ್ನ ಅಮಾಯಕ ಗ್ರಾಹಕರಿಗೆ ಹಣ ಮರಳಿಸುವ ಖಾತರಿಯನ್ನು ಘೋಷಿಸಿತು.

ದಂಡವೂ ಪರಿಹಾರವೂ ಬೇರೆ ಬೇರೆ. ಬ್ರಿಟನ್ನಿನಲ್ಲಿ ನಿಯಂತ್ರಕರು ವಸೂಲು ಮಾಡಿದ ದಂಡ, ಜಾರಿಯ ಖರ್ಚು ಕಳೆದು, ಸರ್ಕಾರದ ಬೊಕ್ಕಸಕ್ಕೆ ಸೇರುತ್ತದೆ. ತೊಂದರೆ ಅನುಭವಿಸಿದ ಗ್ರಾಹಕನಿಗೆ ಅದರಲ್ಲಿ ಪಾಲಿಲ್ಲ. ಅವನಿಗೆ ಸಿಗುವುದು ಬ್ಯಾಂಕು ತಾನಾಗಿ ಕೊಟ್ಟದ್ದು ಅಥವಾ ದೂರು ಕೊಟ್ಟು ಪಡೆದದ್ದು ಮಾತ್ರ. ದೂರು ಕೊಡಲು ಬಾರದವರು, ವೃದ್ಧರು, ಆನ್‌ಲೈನ್ ಬಳಕೆ ತಿಳಿಯದವರು ಇಲ್ಲಿ ಹಿಂದುಳಿಯುತ್ತಾರೆ. ಪರಿಹಾರ ಗ್ರಾಹಕನನ್ನು ತಾನಾಗಿ ಹುಡುಕಿಕೊಂಡು ಬರಬೇಕೆಂಬ ವಾದಕ್ಕೆ ಇದೇ ಆಧಾರ.

ದಂಡ ಮತ್ತು ವೈಯಕ್ತಿಕ ಹೊಣೆ

2022ರ ಡಿಸೆಂಬರ್ 20ರಂದು ಎಫ್‌ಸಿಎ 2.975 ಕೋಟಿ ಪೌಂಡ್, ಪಿಆರ್‌ಎ 1.89 ಕೋಟಿ ಪೌಂಡ್ ದಂಡ ವಿಧಿಸಿದವು. ಬ್ಯಾಂಕು ವಿವಾದಕ್ಕಿಳಿಯದೆ ಒಪ್ಪಿಕೊಂಡಿದ್ದರಿಂದ ಶೇಕಡ 30ರ ರಿಯಾಯಿತಿ ಸಿಕ್ಕಿತ್ತು. ವರ್ಗಾವಣೆಯ ಕಾರ್ಯಕ್ರಮವನ್ನು ಸರಿಯಾಗಿ ಸಂಘಟಿಸಿ ಹತೋಟಿಯಲ್ಲಿಡದಿದ್ದುದು, ಹೊರಗುತ್ತಿಗೆಯಿಂದ ಬರುವ ಅಪಾಯವನ್ನು ನಿಭಾಯಿಸದಿದ್ದುದು ಆದೇಶದಲ್ಲಿ ದಾಖಲಾದ ಮುಖ್ಯ ತಪ್ಪುಗಳು.

2023ರ ಏಪ್ರಿಲ್‌ನಲ್ಲಿ ಪಿಆರ್‌ಎ ಇನ್ನೊಂದು ಹೆಜ್ಜೆ ಇಟ್ಟಿತು. ವರ್ಗಾವಣೆಯ ಕಾಲದಲ್ಲಿ ಟಿಎಸ್‌ಬಿಯ ಮುಖ್ಯ ಮಾಹಿತಿ ಅಧಿಕಾರಿಯಾಗಿದ್ದ ಕಾರ್ಲೋಸ್ ಅಬಾರ್ಕಾ ಅವರಿಗೆ 81,620 ಪೌಂಡ್ ದಂಡ ಹಾಕಿತು. ಸಾಬಿಸ್‌ನ ಸಾಮರ್ಥ್ಯ ಮತ್ತು ಸಿದ್ಧತೆಯನ್ನು ಟಿಎಸ್‌ಬಿ ಸರಿಯಾಗಿ ಅಳೆಯುವಂತೆ ಅವರು ತಕ್ಕ ಕ್ರಮ ಕೈಗೊಳ್ಳಲಿಲ್ಲ ಎಂಬುದು ಆರೋಪದ ತಿರುಳು. 2016ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹಿರಿಯ ವ್ಯವಸ್ಥಾಪಕರ ನಿಯಮಾವಳಿ, ಬ್ಯಾಂಕಿನ ಪ್ರತಿಯೊಂದು ಮುಖ್ಯ ಜವಾಬ್ದಾರಿಯನ್ನೂ ಒಬ್ಬ ವ್ಯಕ್ತಿಯ ಹೆಸರಿಗೆ ಬರೆದಿಡಬೇಕೆನ್ನುತ್ತದೆ. ಆ ನಿಯಮಕ್ಕೆ ತಂತ್ರಜ್ಞಾನದ ವೈಫಲ್ಯದಲ್ಲಿ ಹಲ್ಲು ಬಂದದ್ದು ಈ ಆದೇಶದಿಂದ. ವೈಫಲ್ಯ ನಡೆದಾಗಿನಿಂದ ಬ್ಯಾಂಕಿನ ಮೇಲಿನ ದಂಡಕ್ಕೆ ನಾಲ್ಕು ವರ್ಷ ಎಂಟು ತಿಂಗಳು, ವ್ಯಕ್ತಿಯ ಮೇಲಿನ ದಂಡಕ್ಕೆ ಐದು ವರ್ಷ ಹಿಡಿದಿತ್ತು. ಬ್ಯಾಂಕು ಸ್ವತಃ ಹೊತ್ತ ವೆಚ್ಚ ದಂಡಕ್ಕಿಂತ ಬಹಳ ದೊಡ್ಡದು. ವೈಫಲ್ಯದ ನಂತರದ ಖರ್ಚು ಸುಮಾರು 33 ಕೋಟಿ ಪೌಂಡ್ ಎಂದು ಅದು ಹೇಳಿಕೊಂಡಿತು. ಸುಮಾರು 80,000 ಗ್ರಾಹಕರು 2018ರಲ್ಲಿ ಬೇರೆ ಬ್ಯಾಂಕುಗಳಿಗೆ ಹೋದರು.

ನಿಯಮಗಳ ಮರುರಚನೆ

ದಂಡ ಹಿಂದಿನದನ್ನು ಅಳೆಯುತ್ತದೆ, ಮುಂದಿನದನ್ನು ತಡೆಯಲು ನಿಯಮ ಬೇಕು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಎಫ್‌ಸಿಎ 2018ರ ಜುಲೈನಲ್ಲಿ ಚರ್ಚಾಪತ್ರ ಹೊರಡಿಸಿ, 2021ರ ಮಾರ್ಚ್‌ನಲ್ಲಿ ಸೇವೆಗಳ ತಾಳಿಕೆಯ ಕುರಿತು ಅಂತಿಮ ನಿಯಮ ಪ್ರಕಟಿಸಿದವು. ಅವು 2022ರ ಮಾರ್ಚ್ 31ರಿಂದ ಜಾರಿಗೆ ಬಂದವು. ಪೂರ್ತಿ ಪಾಲನೆಗೆ 2025ರ ಮಾರ್ಚ್ 31 ಕೊನೆಯ ಗಡುವಾಗಿತ್ತು.

ಈ ನಿಯಮಗಳ ನಿಲುವು ಹಳೆಯದಕ್ಕಿಂತ ಭಿನ್ನ. ಯಾವ ಯಂತ್ರವೂ ಎಂದೂ ಕೆಡದು ಎಂದು ನಂಬಿ ಕೂರುವಂತಿಲ್ಲ, ಕೆಡುತ್ತದೆ ಎಂದು ಭಾವಿಸಿಯೇ ಸಿದ್ಧತೆ ನಡೆಯಬೇಕು. ನಿಂತರೆ ಗ್ರಾಹಕರಿಗೆ ಸಹಿಸಲಾಗದ ಹಾನಿ ಮಾಡುವ ಸೇವೆಗಳನ್ನು ಬ್ಯಾಂಕು ಮೊದಲು ಪಟ್ಟಿ ಮಾಡಬೇಕು. ಪ್ರತಿ ಸೇವೆಯೂ ಗರಿಷ್ಠ ಎಷ್ಟು ಹೊತ್ತು ನಿಲ್ಲಬಹುದು ಎಂಬ ಸಹನೀಯ ಮಿತಿಯನ್ನು ಗೊತ್ತುಮಾಡಬೇಕು. ಆ ಸೇವೆಯ ಹಿಂದಿರುವ ಜನ, ಯಂತ್ರ, ಕಟ್ಟಡ, ಗುತ್ತಿಗೆದಾರರನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕು. ಕಠಿಣ ಆದರೆ ಸಂಭವನೀಯ ಸನ್ನಿವೇಶಗಳನ್ನು ಕಲ್ಪಿಸಿ ಮಿತಿಯೊಳಗೆ ಚೇತರಿಸಿಕೊಳ್ಳಬಲ್ಲೆವೇ ಎಂದು ಪರೀಕ್ಷಿಸಬೇಕು. ಇದಕ್ಕೆಲ್ಲ ನಿರ್ದೇಶಕ ಮಂಡಳಿಯ ಒಪ್ಪಿಗೆ ಬೇಕು. ತಂತ್ರಜ್ಞಾನ ವಿಭಾಗದ ಒಳಕೋಣೆಯ ವಿಷಯವಾಗಿದ್ದುದು ಹೀಗೆ ಮಂಡಳಿಯ ಮೇಜಿಗೆ ಬಂತು.

ಸಾಬಿಸ್‌ನಂತಹ ಹೊರಗಿನ ಸೇವಾದಾರರ ಪ್ರಶ್ನೆಗೆ 2023ರ ಹಣಕಾಸು ಸೇವೆಗಳು ಮತ್ತು ಮಾರುಕಟ್ಟೆಗಳ ಕಾಯ್ದೆ ಭಾಗಶಃ ಉತ್ತರ ಕೊಟ್ಟಿತು. ಹಲವು ಬ್ಯಾಂಕುಗಳು ಒಂದೇ ಕಂಪನಿಯನ್ನು ಅವಲಂಬಿಸಿದ್ದು, ಅದರ ವೈಫಲ್ಯ ಇಡೀ ವಲಯವನ್ನು ಅಲುಗಿಸಬಲ್ಲದಾದರೆ, ಅಂಥ ಕಂಪನಿಯನ್ನು ‘ನಿರ್ಣಾಯಕ ಮೂರನೆಯ ಪಕ್ಷ’ ಎಂದು ಹೆಸರಿಸುವ ಅಧಿಕಾರ ಬ್ರಿಟನ್ನಿನ ಖಜಾನೆಗೆ ದೊರೆಯಿತು. ಇದರ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಯುರೋಪಿಯನ್ ಒಕ್ಕೂಟದ ಡಿಜಿಟಲ್ ತಾಳಿಕೆಯ ಕಾನೂನು ‘ಡೋರಾ’ 2025ರ ಜನವರಿ 17ರಿಂದ ಇದೇ ದಿಕ್ಕಿನಲ್ಲಿ ಅನ್ವಯವಾಗುತ್ತಿದೆ.

ಇತರ ದೇಶಗಳ ಮಾರ್ಗಗಳು

ಸಿಂಗಾಪುರ: ಇಲ್ಲಿನ ನಿಯಂತ್ರಕ ಸಂಸ್ಥೆ ಮಾನಿಟರಿ ಅಥಾರಿಟಿ ಆಫ್ ಸಿಂಗಾಪುರ್, ಅಂದರೆ ಎಂಎಎಸ್, ಬಂಡವಾಳವನ್ನೇ ಅಸ್ತ್ರವಾಗಿ ಬಳಸುತ್ತದೆ. 2021ರ ನವೆಂಬರ್‌ನಲ್ಲಿ ಡಿಬಿಎಸ್ ಬ್ಯಾಂಕಿನ ಡಿಜಿಟಲ್ ಸೇವೆಗಳು ಎರಡು ದಿನ ಅಸ್ತವ್ಯಸ್ತವಾದಾಗ, ಕಾರ್ಯಾಚರಣೆಯ ಅಪಾಯಕ್ಕೆಂದು ಬ್ಯಾಂಕು ಲೆಕ್ಕ ಹಾಕುವ ಮೊತ್ತವನ್ನು 1.5ರಿಂದ ಗುಣಿಸಿ ಅಷ್ಟಕ್ಕೆ ಬಂಡವಾಳ ಇಡಬೇಕೆಂದು ಆದೇಶಿಸಿತು. 2023ರ ಮಾರ್ಚ್ ಮತ್ತು ಮೇ ತಿಂಗಳ ವೈಫಲ್ಯಗಳ ನಂತರ ಗುಣಕ 1.8ಕ್ಕೆ ಏರಿತು. ಒಟ್ಟು ಹೆಚ್ಚುವರಿ ಬಂಡವಾಳ ಸುಮಾರು 160 ಕೋಟಿ ಸಿಂಗಾಪುರ ಡಾಲರ್ ಮುಟ್ಟಿತು. ಈ ಹಣ ಬ್ಯಾಂಕಿನಲ್ಲೇ ಉಳಿಯುತ್ತದೆ, ಆದರೆ ಅದರ ಬಲದ ಮೇಲೆ ಹೊಸ ಸಾಲ ಕೊಟ್ಟು ವ್ಯವಹಾರ ಬೆಳೆಸುವಂತಿಲ್ಲ. ಅದೇ ವರ್ಷದ ಅಕ್ಟೋಬರ್ 14ರಂದು ದತ್ತಾಂಶ ಕೇಂದ್ರದ ಶೈತ್ಯೀಕರಣ ಕೆಟ್ಟು ಡಿಬಿಎಸ್ ಮತ್ತು ಸಿಟಿಬ್ಯಾಂಕ್ ಸೇವೆಗಳು ನಿಂತವು. ಎರಡೂ ಬ್ಯಾಂಕುಗಳಲ್ಲಿ ಸುಮಾರು 25 ಲಕ್ಷ ಪಾವತಿ ಮತ್ತು ಎಟಿಎಂ ವಹಿವಾಟುಗಳು ವಿಫಲವಾದವು. ನವೆಂಬರ್ 1ರಂದು ಎಂಎಎಸ್ ಆರು ತಿಂಗಳ ಕಾಲ ಡಿಬಿಎಸ್‌ಗೆ ಹೊಸ ಉದ್ಯಮಗಳ ಖರೀದಿಯನ್ನೂ ಅನಗತ್ಯ ತಾಂತ್ರಿಕ ಬದಲಾವಣೆಗಳನ್ನೂ ನಿಷೇಧಿಸಿತು. ಆ ಅವಧಿಯಲ್ಲಿ ಶಾಖೆ ಮತ್ತು ಎಟಿಎಂಗಳ ಸಂಖ್ಯೆಯನ್ನು ಕಡಿಮೆ ಮಾಡಬಾರದೆಂದೂ ಹೇಳಿತು. ಡಿಜಿಟಲ್ ಬಾಗಿಲು ಮುಚ್ಚಿದಾಗ ಗ್ರಾಹಕನಿಗೆ ಬೇರೊಂದು ಬಾಗಿಲು ಇರಬೇಕೆಂಬ ಈ ಷರತ್ತು ಗಮನಾರ್ಹ. ಬ್ಯಾಂಕಿನ ಆಗಿನ ಮುಖ್ಯಸ್ಥ ಪಿಯೂಷ್ ಗುಪ್ತಾ ಅವರ 2023ರ ಪ್ರೋತ್ಸಾಹಧನ ಶೇಕಡ 30ರಷ್ಟು ಕಡಿತವಾಯಿತು.

ಜಪಾನ್: 2021ರ ಫೆಬ್ರವರಿ 28ರ ಭಾನುವಾರ ಮಿಜುಹೊ ಬ್ಯಾಂಕಿನ 4,318 ಎಟಿಎಂಗಳು ಕೆಟ್ಟು, 5,000ಕ್ಕೂ ಹೆಚ್ಚು ಕಾರ್ಡ್ ಮತ್ತು ಪಾಸ್‌ಬುಕ್‌ಗಳನ್ನು ಒಳಗೇ ಹಿಡಿದಿಟ್ಟುಕೊಂಡವು. ಜನ ಯಂತ್ರದ ಮುಂದೆ ಗಂಟೆಗಟ್ಟಲೆ ಕಾದರು. ಆ ವರ್ಷ ವೈಫಲ್ಯಗಳು ಮರುಕಳಿಸುತ್ತಲೇ ಇದ್ದಾಗ ನಿಯಂತ್ರಕವಾದ ಹಣಕಾಸು ಸೇವೆಗಳ ಸಂಸ್ಥೆ ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ವ್ಯವಹಾರ ಸುಧಾರಣೆಯ ಆದೇಶ ಹೊರಡಿಸಿತು. ಸಮೂಹದ ಮುಖ್ಯಸ್ಥ ತಾತ್ಸುಫುಮಿ ಸಕಾಯ್ ರಾಜೀನಾಮೆ ಪ್ರಕಟಿಸಿದರು. ಜಪಾನಿನ ಆದೇಶದಲ್ಲಿ ಹಣದ ದಂಡಕ್ಕಿಂತ ಸಂಸ್ಥೆಯ ಒಳಗಿನ ನಡವಳಿಕೆಯನ್ನು ತಿದ್ದುವುದಕ್ಕೆ ಒತ್ತು.

ಭಾರತದ ಕ್ರಮಗಳು

ಭಾರತೀಯ ರಿಸರ್ವ್ ಬ್ಯಾಂಕು ಹೆಚ್ಚಾಗಿ ಬಳಸುವ ಅಸ್ತ್ರ ವ್ಯವಹಾರ ವಿಸ್ತರಣೆಗೆ ತಡೆ. 2020ರ ನವೆಂಬರ್ 21ರಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಮುಖ್ಯ ದತ್ತಾಂಶ ಕೇಂದ್ರದಲ್ಲಿ ವಿದ್ಯುತ್ ಕೈಕೊಟ್ಟು ಸೇವೆಗಳು ನಿಂತವು. ಹಿಂದಿನ ಎರಡು ವರ್ಷಗಳಲ್ಲೂ ಇಂಥ ಘಟನೆಗಳು ನಡೆದಿದ್ದವು. ಡಿಸೆಂಬರ್ 2ರಂದು ರಿಸರ್ವ್ ಬ್ಯಾಂಕು ಹೊಸ ಡಿಜಿಟಲ್ ಯೋಜನೆಗಳನ್ನೂ ಹೊಸ ಕ್ರೆಡಿಟ್ ಕಾರ್ಡ್ ಗ್ರಾಹಕರ ಸೇರ್ಪಡೆಯನ್ನೂ ತಡೆಯಿತು. ಕಾರ್ಡ್ ಮೇಲಿನ ತಡೆ 2021ರ ಆಗಸ್ಟ್‌ನಲ್ಲಿ, ಉಳಿದದ್ದು 2022ರ ಮಾರ್ಚ್‌ನಲ್ಲಿ ತೆರವಾಯಿತು. 2024ರ ಏಪ್ರಿಲ್ 24ರಂದು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ವಿಧಿಯಡಿ ಕೋಟಕ್ ಮಹೀಂದ್ರಾ ಬ್ಯಾಂಕಿಗೂ ಆನ್‌ಲೈನ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ, ಹೊಸ ಕ್ರೆಡಿಟ್ ಕಾರ್ಡ್ ಕೊಡದಂತೆ ಆದೇಶವಾಯಿತು. 2022 ಮತ್ತು 2023ರ ತಪಾಸಣೆಗಳಲ್ಲಿ ಕಂಡ ಲೋಪಗಳನ್ನು ಬ್ಯಾಂಕು ಸಮರ್ಪಕವಾಗಿ ಸರಿಪಡಿಸಲಿಲ್ಲ ಎಂಬುದು ಕಾರಣ. ಆ ತಡೆ 2025ರ ಫೆಬ್ರವರಿ 12ರವರೆಗೆ ಇತ್ತು. ಎರಡೂ ಆದೇಶಗಳು ಈಗಾಗಲೇ ಇದ್ದ ಗ್ರಾಹಕರ ಸೇವೆಯನ್ನು ಮುಟ್ಟಲಿಲ್ಲ. ಬ್ಯಾಂಕಿನ ಬೆಳವಣಿಗೆ ಮಾತ್ರ ನಿಂತಿತು.

ವೈಫಲ್ಯ ಎದುರು ದಿಕ್ಕಿನಲ್ಲೂ ನಡೆಯಬಹುದು. 2023ರ ನವೆಂಬರ್‌ನಲ್ಲಿ ಯುಕೊ ಬ್ಯಾಂಕಿನ ಐಎಂಪಿಎಸ್ ವ್ಯವಸ್ಥೆಯ ದೋಷದಿಂದ ಸುಮಾರು ₹820 ಕೋಟಿ ತಪ್ಪಾಗಿ ಖಾತೆಗಳಿಗೆ ಜಮೆಯಾಯಿತು. ಬ್ಯಾಂಕು ಖಾತೆಗಳನ್ನು ತಡೆಹಿಡಿದು ಸುಮಾರು ₹649 ಕೋಟಿ ಮರಳಿ ಪಡೆಯಿತು. ಸಿಬಿಐ ಪ್ರಕರಣ ದಾಖಲಿಸಿತು. ಡಿಜಿಟಲ್ ವ್ಯವಸ್ಥೆಯನ್ನು ಪರಿಶೀಲಿಸಿಕೊಳ್ಳುವಂತೆ ಹಣಕಾಸು ಸಚಿವಾಲಯ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಸೂಚಿಸಿತು.

ಗ್ರಾಹಕನ ದೃಷ್ಟಿಯಿಂದ ಭಾರತದ ಮುಖ್ಯ ಕೊಡುಗೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಮೊತ್ತ ಕಡಿತವಾದರೆ ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಅದು ಮರಳಬೇಕು. ಯುಪಿಐ ಮೂಲಕ ಕಳುಹಿಸಿದ ಹಣ ಎದುರಿನ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ಹಿಂತಿರುಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಗ್ರಾಹಕ ದೂರು ಕೊಡಲಿ ಬಿಡಲಿ ಬ್ಯಾಂಕು ತಾನಾಗಿ ಕೊಡಬೇಕೆಂಬುದು ಇದರ ವೈಶಿಷ್ಟ್ಯ. 30 ದಿನಗಳಲ್ಲಿ ದೂರು ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಮೊರೆ ಹೋಗಬಹುದು. ಒಂದೊಂದು ವಹಿವಾಟಿನ ವೈಫಲ್ಯಕ್ಕೆ ಈ ಸುತ್ತೋಲೆ ಸ್ಪಷ್ಟ ಉತ್ತರ ಕೊಡುತ್ತದೆ. ಇಡೀ ಸೇವೆ ದಿನಗಟ್ಟಲೆ ನಿಂತು ವಹಿವಾಟನ್ನು ಆರಂಭಿಸಲೇ ಆಗದಿದ್ದ ಗ್ರಾಹಕ ಅದರ ವ್ಯಾಪ್ತಿಗೆ ಬರುವುದಿಲ್ಲ. ತಂತ್ರಜ್ಞಾನದ ಹೊರಗುತ್ತಿಗೆಯ ಮೇಲಿನ ರಿಸರ್ವ್ ಬ್ಯಾಂಕಿನ ನಿರ್ದೇಶನ 2023ರ ಅಕ್ಟೋಬರ್ 1ರಿಂದ, ತಂತ್ರಜ್ಞಾನ ಆಡಳಿತದ ನಿರ್ದೇಶನ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಕೆಲಸವನ್ನು ಹೊರಗೆ ಕೊಟ್ಟರೂ ಹೊಣೆ ಬ್ಯಾಂಕಿನದೇ ಎಂದು ಅವು ಸ್ಪಷ್ಟಪಡಿಸುತ್ತವೆ.

ಕರ್ನಾಟಕದ ಗ್ರಾಹಕರಿಗೂ ಖಾತೆಗಳ ಸಾಮೂಹಿಕ ವರ್ಗಾವಣೆ ಪರಿಚಿತವೇ. ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾದಾಗ ಖಾತೆಗಳು ಹೊಸ ವ್ಯವಸ್ಥೆಗೆ ಸಾಗಿದವು, ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು.

ಉಳಿದ ಪ್ರಶ್ನೆಗಳು

ಮೇಲಿನ ಕ್ರಮಗಳೆಲ್ಲ ನಾಲ್ಕು ಬಗೆಯವು: ಬಹಿರಂಗ ವಿಚಾರಣೆ, ಹಣದ ಶಿಕ್ಷೆ, ಬೆಳವಣಿಗೆಗೆ ತಡೆ, ಮುನ್ನೆಚ್ಚರಿಕೆಯ ನಿಯಮ. ವಿಚಾರಣೆ ಬೇಗ ನಡೆಯುತ್ತದೆ, ಅದಕ್ಕೆ ಜಾರಿಯ ಅಧಿಕಾರವಿಲ್ಲ. ದಂಡಕ್ಕೆ ಬಲವಿದೆ, ಅದು ತಡವಾಗಿ ಬರುತ್ತದೆ. ತಡೆ ತಕ್ಷಣ ನಾಟುತ್ತದೆ, ಗ್ರಾಹಕನ ನಷ್ಟವನ್ನು ಭರಿಸುವುದಿಲ್ಲ. ಮುನ್ನೆಚ್ಚರಿಕೆಯ ನಿಯಮದ ಫಲ ಕಾಣಲು ವರ್ಷಗಳು ಬೇಕು. ಬ್ರಿಟನ್ನಿನ ಖಜಾನೆ ಸಮಿತಿ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಮಾಹಿತಿಯಂತೆ, ಒಂಬತ್ತು ಪ್ರಮುಖ ಬ್ಯಾಂಕು ಮತ್ತು ಗೃಹಸಾಲ ಸಂಸ್ಥೆಗಳಲ್ಲಿ ಸುಮಾರು ಎರಡು ವರ್ಷಗಳಲ್ಲಿ 158 ವೈಫಲ್ಯಗಳು ನಡೆದು, ಸೇವೆಗಳು ಒಟ್ಟು 803 ಗಂಟೆಗಳಿಗೂ ಹೆಚ್ಚು ಕಾಲ ಅಡಚಣೆಗೊಳಗಾಗಿದ್ದವು. ನಿಯಮಗಳು ಬಂದ ಮೇಲೂ ವೈಫಲ್ಯ ನಿಂತಿಲ್ಲ.

ಹೀಗಾಗಿ ಚರ್ಚೆ ಈಗ ಎರಡು ವಿಷಯಗಳ ಸುತ್ತ ಇದೆ. ಒಂದು, ಸೇವೆ ನಿಂತ ಅವಧಿಗೆ ತಾನಾಗಿ ಸಲ್ಲುವ ಪರಿಹಾರವನ್ನು ಕಾನೂನಿನಲ್ಲೇ ನಿಗದಿಪಡಿಸುವುದು. ಇನ್ನೊಂದು, ಶಾಖೆಗಳು ಮತ್ತು ನಗದಿನ ಸೌಲಭ್ಯ ಕಡಿಮೆಯಾಗುತ್ತಿರುವ ಕಾಲದಲ್ಲಿ ಡಿಜಿಟಲ್ ಸೇವೆ ಕೈಕೊಟ್ಟಾಗ ನೆರವಾಗುವ ಪರ್ಯಾಯ ಮಾರ್ಗವನ್ನು ಉಳಿಸಿಕೊಳ್ಳುವುದು. ಟಿಎಸ್‌ಬಿ ಪ್ರಕರಣದಿಂದ ಸ್ಥಿರಪಟ್ಟ ತತ್ವದ ಬಗ್ಗೆ ಮಾತ್ರ ಈಗ ನಿಯಂತ್ರಕರಲ್ಲಿ ಭಿನ್ನಾಭಿಪ್ರಾಯವಿಲ್ಲ: ಯಂತ್ರ ಯಾರದೇ ಇರಲಿ, ಅದನ್ನು ಯಾವ ಕಂಪನಿಯೇ ನಡೆಸಲಿ, ಗ್ರಾಹಕನಿಗೆ ಉತ್ತರ ಕೊಡಬೇಕಾದುದು ಅವನು ಹಣ ಒಪ್ಪಿಸಿದ ಬ್ಯಾಂಕು.